ಸಂಘದಿಂದ ಸರಕಾರಿ ಕಚೇರಿಗೆ



ಸಂಘ, ಶಿಬಿರವೆಂದು ಅಲೆದರೆ ಓದು ಕೆಟ್ಟೀತೆಂದು ಮನೆಗಳಲ್ಲಿ ಗದರಿಸುವುದುಂಟು. ಆ ಆತಂಕ ತೀರ ಸುಳ್ಳಲ್ಲ. ಆದರೂ ಅದರ ಇನ್ನೊಂದು ಮುಖವನ್ನು ತಮ್ಮ ಮುಂದಿಡಲು ನಿಂತಿದ್ದೇನೆ.

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದರ ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ದುಡಿಯಬೇಕು; 7 ದಿನಗಳ ಶಿಬಿರವೂ ಉಂಟು. ಹನೂರಿನ ಕಡೆಯ ಹಳ್ಳಿಯಲ್ಲೋ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲೋ ಮನೆಮನೆಗೆ ಹೋಗಿ, ಎಷ್ಟು ಮಕ್ಕಳು ಶಾಲೆ ಬಿಟ್ಟಿದ್ದಾರೆ, ಯಾರಿಗೆ ಪಡಿತರ ಚೀಟಿಯಿಲ್ಲ ಎಂದು ಬರೆದುಕೊಂಡ ವಿದ್ಯಾರ್ಥಿ ತನಗರಿಯದೆಯೇ ಆಡಳಿತದ ಮೊದಲ ಪಾಠವನ್ನು ಕಲಿತಿರುತ್ತಾನೆ.

ದಿಲ್ಲಿಯ ನೀತಿ ಆಯೋಗವು ವಿದ್ಯಾರ್ಥಿಗಳನ್ನು ಇಂಟರ್ನ್‌ಶಿಪ್ಪಿಗೆ ತೆಗೆದುಕೊಳ್ಳುತ್ತದೆ. ಕನಿಷ್ಠ 6 ವಾರ, ಹೆಚ್ಚೆಂದರೆ 6 ತಿಂಗಳು. ಅಂಕಗಳ ಮಿತಿಯುಂಟು; ಸಂಘದ ಕೆಲಸ ಅದಕ್ಕೆ ಬದಲಾಗದು. ಆದರೆ ಅಂಕ ಪಡೆದವರು ಸಾವಿರಾರು ಮಂದಿ. ಅವರ ನಡುವೆ ‘ಕಾರ್ಯದರ್ಶಿಯಾಗಿದ್ದೆ’ ಎಂಬ ಬಿರುದಿಗಿಂತ, ನೀವೇ ಬರೆದ ಸಮೀಕ್ಷೆಯ ವರದಿ ಹೆಚ್ಚು ತೂಕದ್ದೆಂದು ನನ್ನ ನಂಬಿಕೆ. ಸಭೆಯ ನಡಾವಳಿ, ಜಮಾಖರ್ಚಿನ ಪುಸ್ತಕಗಳನ್ನೂ ಜೋಪಾನ ಮಾಡಿರಿ. (ನಮ್ಮ ಸಂಘಗಳಲ್ಲಿ ಮೊದಲು ಕಳೆದುಹೋಗುವುದು ಅವೇ!)

ಮುಚ್ಚಿಡಬಾರದ ಮಾತೊಂದಿದೆ. ಅಲ್ಲಿ ಭತ್ಯೆಯಿಲ್ಲ, ನೌಕರಿಯ ಭರವಸೆಯೂ ಇಲ್ಲ. ಕೊಳ್ಳೇಗಾಲದ ರೇಷ್ಮೆ ನೇಕಾರನ ಮಗಳು ದಿಲ್ಲಿಯಲ್ಲಿ ಆರು ವಾರ ಉಣ್ಣುವುದೆಂತು, ತಂಗುವುದೆಲ್ಲಿ? ಅರ್ಹತೆಯಿದ್ದೂ ಅವಳು ಊರಲ್ಲೇ ಉಳಿಯುವಳು. ಹಿರಿಯರೆ, ಈ ಶತಮಾನೋತ್ಸವದ ವೆಚ್ಚದಲ್ಲಿ ಅಂಥವರ ರೈಲು ಖರ್ಚಿಗೂ ಊಟಕ್ಕೂ ಒಂದು ಪಾಲನ್ನು ತೆಗೆದಿಡಬೇಕೆಂದು ಕೈಮುಗಿದು ಬೇಡುತ್ತೇನೆ.