ಹೈದರಾಬಾದಿನ ಕನ್ನಡ ಟಿವಿ ಮತ್ತು ನಿಮ್ಮ ಅಟ್ಟದ ಕ್ಯಾಸೆಟ್ಟು

ಉಪ್ಪಲ್‌ನಿಂದ ಅಂಬರ್‌ಪೇಟೆ ಕಡೆ ಹೋಗುವಾಗ ರಾಮಂತಾಪುರದಲ್ಲಿ ದೂರದರ್ಶನ ಕೇಂದ್ರ ಸಿಗುತ್ತೆ. ತೆಲುಗಿನವರದ್ದು ಅಂದುಕೊಂಡು ನಾವು ದಾಟಿಕೊಂಡು ಹೋಗ್ತೀವಿ. ಆದರೆ ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಕನ್ನಡ ಟಿವಿ ಕಾರ್ಯಕ್ರಮಗಳು ತಯಾರಾಗ್ತಿದ್ದವು, ಅದೂ ಇದೇ ಹೈದರಾಬಾದಿನಲ್ಲಿ!

1975ರ ಆಗಸ್ಟ್ 1ಕ್ಕೆ 'ಸೈಟ್' ಪ್ರಯೋಗ ಶುರುವಾಯ್ತು. ನಾಸಾದ ಎಟಿಎಸ್-6 ಉಪಗ್ರಹ, ಇಸ್ರೋದ ವ್ಯವಸ್ಥೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮ ಕಡೆ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಊರಿಗೊಂದು ಟಿವಿ, ಕೋಳಿಗೂಡಿಗೆ ಹಾಕೋ ತಂತಿ ಬಲೆಯಿಂದ ಮಾಡಿದ ಮೂರು ಮೀಟರ್ ಆಂಟೆನಾ. ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಕಳಿಸೋ ಅನುಕೂಲ ಆ ಉಪಗ್ರಹದಲ್ಲೇ ಇತ್ತು. ಇವತ್ತಿನ ಓಟಿಟಿ ಆಡಿಯೋ ಆಯ್ಕೆಯ ಅಜ್ಜ ಅನ್ನಿ. ಸರಿಯಾಗಿ ಒಂದು ವರ್ಷಕ್ಕೆ ಪ್ರಯೋಗ ಮುಗೀತು.

ಆ ಕಾಲದಲ್ಲಿ ಟೇಪು ಬಲು ದುಬಾರಿ. ಪ್ರಸಾರ ಆದಮೇಲೆ ಅಳಿಸಿ, ಅದರ ಮೇಲೇ ಇನ್ನೊಂದು ಕಾರ್ಯಕ್ರಮ ತುಂಬೋದು ಪ್ರಪಂಚದ ಎಷ್ಟೋ ಟಿವಿ ಕೇಂದ್ರಗಳ ರೂಢಿ. ಬೈಯೋಕೆ ಹೋಗಬೇಡಿ, ನಾವೂ ಸರ್ವರ್ ತುಂಬಿದಾಗ ಹಳೇ ಲಾಗ್ ಡಿಲೀಟ್ ಮಾಡ್ತೀವಲ್ಲ. ಬಿಬಿಸಿ ತನ್ನ 'ಡಾಕ್ಟರ್ ಹೂ' ಧಾರಾವಾಹಿಯ ಎಷ್ಟೋ ಕಂತುಗಳನ್ನ ಹೀಗೇ ಕಳ್ಕೊಂಡಿತು. ಚಿತ್ರ ಹೋದ ಆ ಕಂತುಗಳ ಧ್ವನಿ ಮಾತ್ರ ಇವತ್ತೂ ಇದೆ. ಯಾಕೆ? ನೋಡ್ತಿದ್ದ ಹುಡುಗರು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಕೊಂಡಿದ್ರು.

ಅದಕ್ಕೇ ನಾನು ನಿಮ್ಮ ಊರಿನ ಮನೆ ಅಟ್ಟದ ವಿಷಯಕ್ಕೆ ಬರೋದು. ಎಂಬತ್ತು-ತೊಂಬತ್ತರ ದಶಕದಲ್ಲಿ ಬೆಂಗಳೂರು ದೂರದರ್ಶನದ ನಾಟಕ, ಸಂದರ್ಶನಗಳನ್ನ ವಿಎಚ್‌ಎಸ್‌ನಲ್ಲಿ ಹಿಡಿದಿಟ್ಟ ಮನೆಗಳಿವೆ. ಮದುವೆ ಕ್ಯಾಸೆಟ್ಟಿನ ಕೊನೆಯಲ್ಲಿ ಅರ್ಧ ಗಂಟೆ ಟಿವಿ ಕಾರ್ಯಕ್ರಮ ಇರಬಹುದು, ಪೂರ್ತಿ ಓಡಿಸಿ ನೋಡಿ.

ಆದರೆ ಅವಸರ ಬೇಡ. ಟೇಪಿನ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಲೇಬೇಡಿ. ಹೆಡ್ ಕೆಡುತ್ತೆ, ಮುಂದಿನ ಕ್ಯಾಸೆಟ್ಟಿಗೂ ಬೂಸ್ಟು ಹತ್ತುತ್ತೆ. ಮೊದಲು ಗೊತ್ತಿದ್ದವರ ಹತ್ರ ಕ್ಲೀನ್ ಮಾಡಿಸಿ. ಅಪ್ಪ ಬರೆದ ಲೇಬಲ್ಲಿನ ಫೋಟೋ ತೆಗೀರಿ, ಆ ತಾರೀಖೇ ನಿಮ್ಮ ಮೆಟಾಡೇಟಾ. ಕಾಪಿ ಮಾಡುವಾಗ ಲಾಸ್‌ಲೆಸ್ ಫೈಲ್ ಒಂದು ಇಟ್ಕೊಂಡು, ವಾಟ್ಸಾಪಿಗೆ ಬೇರೆ ಚಿಕ್ಕದು ಮಾಡ್ಕೊಳ್ಳಿ. ಕಾಪಿ ಆಯ್ತು ಅಂತ ಕ್ಯಾಸೆಟ್ ಎಸೀಬೇಡಿ. ವಿಸಿಆರ್ ತಯಾರಿಸ್ತಿದ್ದ ಜಪಾನಿನ ಫುನೈ ಕೂಡ 2016ರಲ್ಲಿ ನಿಲ್ಲಿಸಿಬಿಟ್ಟಿತು. ಹಾಗಾಗಿ ಓಡೋ ಮೆಷಿನ್ ಯಾರ ಮನೇಲಾದ್ರೂ ಇದ್ರೆ ಕೆಳಗೆ ಕಾಮೆಂಟ್ ಹಾಕಿ, ಉಪ್ಪಲ್ ಸುತ್ತಮುತ್ತ ಇರೋರು ಒಂದು ಭಾನುವಾರ ಸೇರೋಣ.