ಭಿವಂಡಿ ಬಾಲ್ಕನಿಯಲ್ಲಿ ಪ್ರಿಮ್‌ರೋಸ್ ಯಾಕೆ ಬರಲ್ಲ, ಏನು ಬರತ್ತೆ



ಇವತ್ತಿನ ವಿಷಯ ಗಿಡ. ಅದರಲ್ಲೂ ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ, ಕಲ್ಲುಗಳ ನಡುವೆ ಹೂ ಬಿಡುವ ಗಿಡ. ನಾನು ಸಾಫ್ಟ್‌ವೇರ್ ಎಂಜಿನಿಯರ್, ಸಸ್ಯಶಾಸ್ತ್ರ ಓದಿದವನಲ್ಲ. ಮನೆ ಭಿವಂಡಿಯ ಕಶೇಳಿ ಕಡೆ, ಆಫೀಸು ಐರೋಲಿಯಲ್ಲಿ. ನಮ್ಮ ಬಾಲ್ಕನಿ ಉತ್ತರಕ್ಕಿದೆ, ಎದುರಿಗೇ ಇನ್ನೊಂದು ಟವರ್ ನಿಂತಿದೆ. ಠಾಣೆ, ಡೊಂಬಿವಲಿ, ಕಲ್ಯಾಣ್, ಘನ್ಸೋಲಿ ಕಡೆ ಇರೋ ನಿಮ್ಮಲ್ಲಿ ಬಹಳ ಜನರ ಮನೆಯೂ ಹೀಗೇ ಇರತ್ತೆ. ಗುಲಾಬಿ, ದಾಸವಾಳ ನಮಗೆ ಆಗಲ್ಲ. ಹಾಗಾಗಿ ನೆರಳಿಗೆ ಏನಿದೆ ಅಂತ ಇಂಟರ್ನೆಟ್‌ನಲ್ಲಿ ಹುಡುಕ್ತೀವಿ. ಮೊದಲಿಗೇ ಕಾಣಿಸೋದು ಪ್ರಿಮ್‌ರೋಸ್. ನೀಲಿ, ಹಳದಿ, ಕಡುಗೆಂಪು, ಕಲ್ಲಿನ ಸಂದಿಯಲ್ಲಿ ಗುಂಪು ಗುಂಪಾಗಿ. ಕೆಳಗೇ "ಅಪರೂಪದ ಬೀಜ" ಅಂತ ಪ್ಯಾಕೆಟ್ ಮಾರೋರೂ ಇರ್ತಾರೆ.

ನಾನು ಇವತ್ತು ಹೇಳೋದು ಒಂದೇ ಮಾತು. ಆ ಗಿಡವನ್ನು ಇಲ್ಲಿಗೆ ತರಬೇಡಿ, ಅದನ್ನು ಬೆಳೆಸುವ ವಿಧಾನವನ್ನು ತನ್ನಿ. ವಿಧಾನಕ್ಕೆ ಒಗ್ಗುವ ಗಿಡಗಳು ನಮ್ಮ ಸಹ್ಯಾದ್ರಿಯಲ್ಲೇ ಇವೆ.

ಮೊದಲು ಪ್ರಿಮ್‌ರೋಸ್ ಅಂದ್ರೆ ಏನು ಅಂತ ನೋಡೋಣ. ಪ್ರಿಮ್ಯುಲಾ ಅನ್ನೋ ಕುಲದಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ಹಿಮಾಲಯ ಮತ್ತು ಪಶ್ಚಿಮ ಚೀನಾದ ಬೆಟ್ಟಗಳವು. ನಮ್ಮ ದೇಶದ ಪ್ರಿಮ್ಯುಲಾ ಡೆಂಟಿಕ್ಯುಲೇಟಾ ಉತ್ತರಾಖಂಡ, ಹಿಮಾಚಲದ ಇಳಿಜಾರುಗಳಲ್ಲಿ ಹಿಮ ಕರಗುತ್ತಿದ್ದಂತೆ ಏಳತ್ತೆ. ಉದ್ದ ದಂಟಿನ ತುದಿಯಲ್ಲಿ ನೇರಳೆ ಹೂಗಳ ಒಂದು ಚೆಂಡು. ಪ್ರಿಮ್ಯುಲಾ ಫ್ಲೋರಿಂಡೇ ಟಿಬೆಟ್‌ನದು. 1924ರಲ್ಲಿ ಫ್ರಾಂಕ್ ಕಿಂಗ್ಡನ್ ವಾರ್ಡ್ ಅದರ ಬೀಜ ತಂದು ತನ್ನ ಹೆಂಡತಿಯ ಹೆಸರಿಟ್ಟ. ಅದಕ್ಕೆ ತೊರೆಯ ಅಂಚಿನ ಒದ್ದೆ ನೆಲ ಬೇಕು. ಯುರೋಪಿನ ಆಲ್ಪ್ಸ್ ಬೆಟ್ಟದ ಆರಿಕ್ಯುಲಾ ಬಂಡೆಯ ಬಿರುಕಿನಲ್ಲಿ ಬೇರು ಬಿಡತ್ತೆ, ಅದರ ಎಲೆ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಇರತ್ತೆ. ಒಂದಕ್ಕೆ ತೊರೆ ಬೇಕು, ಇನ್ನೊಂದಕ್ಕೆ ಬಂಡೆ ಬೇಕು. ಆದ್ರೆ ಎಲ್ಲಕ್ಕೂ ತಂಪು ಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಸಾವಿರ ಮೀಟರ್ ಮೇಲೆ ಹೋದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯತ್ತೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಂದ್ರೆ ಸಮುದ್ರಮಟ್ಟಕ್ಕಿಂತ ಆರು ಡಿಗ್ರಿ ತಂಪು. ಊರಲ್ಲಿ ಅಮ್ಮ ಬೆಳೆಸುವ ಎಷ್ಟೋ ಗಿಡ ಇಲ್ಲಿ ಸೊರಗೋದಕ್ಕೆ ಇದೂ ಒಂದು ಕಾರಣ. ಊಟಿಯಲ್ಲಿ ಹದಿನಾಲ್ಕು ಡಿಗ್ರಿ ತಂಪು. ಉತ್ತರಾಖಂಡದ ಹೂಗಳ ಕಣಿವೆಯಲ್ಲಿ, ಅಂದ್ರೆ 3,500 ಮೀಟರ್ ಆಸುಪಾಸಿನಲ್ಲಿ, ಇಪ್ಪತ್ತೆರಡು ಡಿಗ್ರಿಗೂ ಹೆಚ್ಚು. ಭಿವಂಡಿ ಖಾಡಿಯ ಪಕ್ಕದ ಊರು, ಹೆಚ್ಚುಕಮ್ಮಿ ಸಮುದ್ರಮಟ್ಟದಲ್ಲೇ ಇದೆ. ನಮಗೆ ಕಡಿತ ಏನೂ ಸಿಗಲ್ಲ.

ಹಗಲಿನ ಬಿಸಿಲಿಗಿಂತ ದೊಡ್ಡ ಸಮಸ್ಯೆ ರಾತ್ರಿಯದು. ಗಿಡ ಹಗಲಲ್ಲಿ ಬೆಳಕಿನಿಂದ ಸಕ್ಕರೆ ಮಾಡತ್ತೆ, ರಾತ್ರಿ ಉಸಿರಾಟದಲ್ಲಿ ಅದರಲ್ಲಿ ಒಂದು ಪಾಲು ಖರ್ಚು ಮಾಡತ್ತೆ. ರಾತ್ರಿ ತಂಪಾದಷ್ಟೂ ಖರ್ಚು ಕಡಿಮೆ. ಮೇ ತಿಂಗಳಲ್ಲಿ ಇಲ್ಲಿ ರಾತ್ರಿಯೂ 26–27 ಡಿಗ್ರಿ, ಜುಲೈನಲ್ಲೂ 25ರ ಹತ್ತಿರ. ಬೆಟ್ಟದ ಗಿಡಕ್ಕೆ ಇದು ಸಂಬಳಕ್ಕಿಂತ ಇಎಂಐ ಜಾಸ್ತಿ ಆದ ಹಾಗೆ. ಕೆಲವು ವಾರ ಉಳಿತಾಯದಲ್ಲಿ ಬದುಕತ್ತೆ, ಆಮೇಲೆ ಬೇರು ಕೊಳೆಯತ್ತೆ. ಬೀಜವೂ ಅಷ್ಟೇ. ಪ್ರಿಮ್ಯುಲಾದ ಬಹುತೇಕ ಜಾತಿಗಳ ಬೀಜ 20 ಡಿಗ್ರಿ ದಾಟಿದ್ರೆ ಸರಿಯಾಗಿ ಮೊಳೆಯೋದಿಲ್ಲ. ಹಾಗಾಗಿ ಆ ಪ್ಯಾಕೆಟ್‌ನಲ್ಲಿ ನಿಜವಾದ ಬೀಜವೇ ಇದ್ದರೂ ದುಡ್ಡು ವ್ಯರ್ಥ. ದುಡ್ಡು ಹೋದರೆ ಹೋಗಲಿ, "ನನ್ನ ಕೈಯಲ್ಲಿ ಗಿಡ ಬರಲ್ಲ" ಅಂತ ಬಾಲ್ಕನಿಯನ್ನೇ ಬಟ್ಟೆ ಒಣಗಿಸೋಕೆ ಬಿಟ್ಟುಬಿಡೋರು ಇದ್ದಾರಲ್ಲ, ನನಗೆ ಬೇಜಾರು ಅದಕ್ಕೆ. ಕೈಯಲ್ಲಿ ದೋಷ ಇಲ್ಲ, ಎತ್ತರದಲ್ಲಿ ಇದೆ.

ಈಗ ನಮ್ಮ ಬೆಟ್ಟಕ್ಕೆ ಬನ್ನಿ. ಪಾರ್ಸಿಕ್ ಗುಡ್ಡ, ಮಲಂಗಗಡ, ಮಾಹುಲಿ ಎಲ್ಲವೂ ದಖನ್ನಿನ ಬಸಾಲ್ಟ್ ಕಲ್ಲು, ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ. ಮೇ ತಿಂಗಳಲ್ಲಿ ನೋಡಿದ್ರೆ ಸುಟ್ಟ ಹಾಗಿರತ್ತೆ. ಜೂನ್ ಮಳೆ ಬಿದ್ದು ಎರಡು ಮೂರು ವಾರಕ್ಕೆ ಅದೇ ಬಂಡೆ ಹಸಿರು. ನೀರು ದಿನವಿಡೀ ಸುರಿಯತ್ತೆ, ಆದ್ರೆ ಬೇರಿನ ಹತ್ತಿರ ನಿಲ್ಲೋದಿಲ್ಲ. ಬಂಡೆಯ ಒಳಭಾಗ ತಂಪು, ಬಿರುಕಿನಲ್ಲಿ ಒಂದು ಹಿಡಿ ಎಲೆಗೊಬ್ಬರ. ಆಲ್ಪ್ಸ್‌ನಲ್ಲಿ ಆರಿಕ್ಯುಲಾಕ್ಕೆ ಸಿಗೋ ಜಾಗವೂ ಇಂಥದ್ದೇ, ತಂಪೊಂದು ಹೆಚ್ಚು.

ಇಲ್ಲಿ ಒಂದು ಸ್ವಾರಸ್ಯ ಇದೆ. ಇಂಗ್ಲೆಂಡಿನ ಸಾಮಾನ್ಯ ಪ್ರಿಮ್‌ರೋಸ್‌ಗೆ ಪ್ರಿಮ್ಯುಲಾ ಅಕಾಲಿಸ್ ಅಂತಲೂ ಹೆಸರಿದೆ. ಅಕಾಲಿಸ್ ಅಂದ್ರೆ ಕಾಂಡವಿಲ್ಲದ್ದು. ಎಲೆ ನೆಲಕ್ಕೇ ಹರಡಿಕೊಂಡಿರತ್ತೆ, ಹೂವಿನ ದಂಟು ಮಾತ್ರ ಮೇಲೆ ಬರತ್ತೆ. ಪಶ್ಚಿಮಘಟ್ಟದಲ್ಲೂ ಒಂದು ಅಕಾಲಿಸ್ ಇದೆ, ಇಂಪೇಷಿಯನ್ಸ್ ಅಕಾಲಿಸ್. ನಮ್ಮ ಕರ್ಣಕುಂಡಲದ ಬಳಗದ್ದು. ಆಗುಂಬೆಯಲ್ಲಿ, ಕೊಡಗಿನಲ್ಲಿ, ಮಹಾರಾಷ್ಟ್ರದ ಆಂಬೋಲಿಯಲ್ಲಿ ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಬೆಳೆಯತ್ತೆ. ಅದಕ್ಕೂ ಕಾಂಡ ಇಲ್ಲ. ಬುಡದಲ್ಲಿ ನಾಲ್ಕಾರು ದುಂಡನೆ ಎಲೆ, ಸಣ್ಣ ದಂಟಿನ ಮೇಲೆ ಗುಲಾಬಿ ಹೂ. ದೂರದಿಂದ ನೋಡಿದ್ರೆ ಪ್ರಿಮ್‌ರೋಸ್ ಅಂತಲೇ ಅನ್ನಿಸಬೇಕು. ಎರಡಕ್ಕೂ ನೆಂಟಸ್ತನ ದೂರದ್ದು, ಬದುಕೋ ಉಪಾಯ ಮಾತ್ರ ಒಂದೇ ತರಹ.

ಆ ಬಂಡೆಯ ಬಿರುಕನ್ನು ಬಾಲ್ಕನಿಯಲ್ಲಿ ಮಾಡೋದು ಹೇಗೆ?

ಮಾರ್ಕೆಟ್‌ನಲ್ಲಿ ಹಣ್ಣು, ಮೀನು ಬರುವ ಥರ್ಮಾಕೋಲ್ ಡಬ್ಬಿ ಸಿಗತ್ತೆ. ಮನೆಯಲ್ಲಿ ಮೀನಿನ ಡಬ್ಬಿ ಅಂದ್ರೆ ಗಲಾಟೆ ಆಗೋದಿದ್ರೆ ಹಣ್ಣಿನದೇ ತನ್ನಿ. ಹಗುರ ಇರತ್ತೆ, ಬೇರಿಗೆ ಹೊರಗಿನ ಬಿಸಿ ತಟ್ಟೋದಿಲ್ಲ. ತಳಕ್ಕೆ ಎಂಟು ಹತ್ತು ತೂತು ಮಾಡಿ, ಎರಡು ಇಟ್ಟಿಗೆ ಮೇಲೆ ಇಡಿ. ಕೆಳಗೊಂದು ತಟ್ಟೆ ಇರಲಿ, ಇಲ್ಲಾಂದ್ರೆ ಕೆಳಗಿನ ಮನೆಯವರು ಸೊಸೈಟಿಗೆ ದೂರು ಕೊಡ್ತಾರೆ. ತಟ್ಟೆಯ ನೀರನ್ನ ದಿನಾ ಚೆಲ್ಲಿ, ಸೊಳ್ಳೆ ಬರಬಾರದು.

ಮಿಶ್ರಣ ಹೀಗಿರಲಿ: ಎರಡು ಪಾಲು ಸಣ್ಣ ಜಲ್ಲಿ ಅಥವಾ ಇಟ್ಟಿಗೆ ಚೂರು, ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎಲೆಗೊಬ್ಬರ. ಜಲ್ಲಿಯನ್ನು ಇಲ್ಲಿನ ಅಂಗಡಿಯಲ್ಲಿ ಖಡಿ ಅಂತ ಕೇಳಿ, ತೊಳೆದು ಧೂಳು ತೆಗೆದು ಹಾಕಿ. ಒಂದು ಮಾತು ಗಮನಿಸಿ. ಕುಂಡದ ತಳದಲ್ಲಿ ಕಲ್ಲು, ಮೇಲೆ ಬರೀ ಮಣ್ಣು ಹಾಕೋದು ನಮ್ಮಲ್ಲಿ ರೂಢಿ. ಅದರಿಂದ ನೀರು ಬೇಗ ಇಳಿಯೋದಿಲ್ಲ. ಸಣ್ಣ ಕಣದ ಮಣ್ಣು ನೀರನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳತ್ತೆ, ಕೆಳಗಿನ ದೊಡ್ಡ ಸಂದಿಗೆ ಬಿಟ್ಟುಕೊಡೋದಿಲ್ಲ. ಒದ್ದೆ ಪದರ ಇನ್ನೂ ಮೇಲಕ್ಕೆ, ಬೇರಿನ ಹತ್ತಿರ ಬರತ್ತೆ. ಕಲ್ಲು ಮಿಶ್ರಣದ ಉದ್ದಗಲಕ್ಕೂ ಸೇರಿರಬೇಕು. ಆಮೇಲೆ ಮೂರು ನಾಲ್ಕು ಚಪ್ಪಟೆ ಕಲ್ಲುಗಳನ್ನು ಅರ್ಧಕ್ಕಿಂತ ಹೆಚ್ಚು ಹೂತು, ಒಂದೇ ಕಡೆಗೆ ಓರೆಯಾಗಿ ನಿಲ್ಲಿಸಿ. ಗಿಡದ ಬುಡದ ಸುತ್ತ ಎರಡು ಸೆಂಟಿಮೀಟರ್ ಜಲ್ಲಿ ಹರಡಿ. ಜುಲೈ ಮಳೆಯಲ್ಲಿ ಗಿಡ ಕೊಳೆಯೋಕೆ ಶುರುವಾಗೋದು ಆ ಕುತ್ತಿಗೆಯಿಂದಲೇ.

ಭಾರದ ಲೆಕ್ಕ ಬಿಡಬೇಡಿ. 60 ಸೆಂಟಿಮೀಟರ್ ಉದ್ದ, 40 ಅಗಲ, 15 ಆಳ ಅಂದ್ರೆ 36 ಲೀಟರ್. ಒದ್ದೆ ಜಲ್ಲಿ ಮಿಶ್ರಣ ಲೀಟರಿಗೆ ಸುಮಾರು 1.8 ಕೆಜಿ ಹಿಡಿದರೂ 65 ಕೆಜಿ, ಹೆಚ್ಚುಕಮ್ಮಿ ಒಬ್ಬ ದೊಡ್ಡ ಮನುಷ್ಯನ ತೂಕ. ಹಾಗಾಗಿ ಗೋಡೆಗೆ ಒತ್ತಿ ಇಡಿ. ಹೊರ ಅಂಚಿಗೆ ಬೇಡ, ಗ್ರಿಲ್ ಮೇಲೆ ಖಂಡಿತ ಬೇಡ. ಇಟ್ಟಿಗೆ ಚೂರು ಹಾಕಿದ್ರೆ ತೂಕ ಕಡಿಮೆ ಆಗತ್ತೆ.

ನೀರಿನ ವಿಷಯ. ಟ್ಯಾಂಕರ್ ಅಥವಾ ಬೋರ್ ನೀರಾದ್ರೆ ಉಪ್ಪಿನ ಅಂಶ ಜಾಸ್ತಿ ಇರಬಹುದು. ಎಸಿಯಿಂದ ತೊಟ್ಟಿಕ್ಕುವ ನೀರಲ್ಲಿ ಉಪ್ಪು ಇರೋದಿಲ್ಲ ಅನ್ನಬಹುದು, ಅದನ್ನೇ ಬಕೆಟ್‌ನಲ್ಲಿ ಹಿಡಿದು ಹಾಕಿ. ಆರ್‌ಓ ಫಿಲ್ಟರ್ ಹೊರಗೆ ಬಿಡೋ ನೀರು ಮಾತ್ರ ಬೇಡ, ಅದರಲ್ಲಿ ಉಪ್ಪು ಇನ್ನೂ ಹೆಚ್ಚು.

ಈಗ ಏನು ನೆಡೋದು? ಮೂರು ಹೇಳ್ತೀನಿ.

ಒಂದು, ಕರ್ಣಕುಂಡಲ. ಮರಾಠಿಯಲ್ಲಿ ತೇರಡಾ. ಜೂನ್ ಮೊದಲ ವಾರ ಬೀಜ ಉದುರಿಸಿ, ಸುಮಾರು ಎರಡು ತಿಂಗಳಿಗೆ ಹೂ. ಇಲ್ಲಿನ ಎಷ್ಟೋ ಮನೆಗಳಲ್ಲಿ ಗಣಪತಿ ಹಬ್ಬದ ಗೌರಿ ಅಂದ್ರೆ ಇದೇ ಗಿಡದ ಕಟ್ಟು. ತೇರಡಾ ಬಣ್ಣ ಮೂರೇ ದಿನ ಅಂತ ಮರಾಠಿಯಲ್ಲಿ ಗಾದೆ ಇದೆ. ಹೂ ಬೇಗ ಉದುರಿದ್ರೂ ಒಂದರ ಹಿಂದೆ ಒಂದು ಬರ್ತಾನೇ ಇರತ್ತೆ. ಪೂರ್ತಿ ನೆರಳಾದ್ರೆ ಹೂ ಕಡಿಮೆ, ಬೆಳಗಿನ ಒಂದು ಗಂಟೆ ಬಿಸಿಲು ಬೀಳೋ ಮೂಲೆ ಕೊಡಿ. ಬಲಿತ ಕಾಯಿ ಮುಟ್ಟಿದ್ರೆ ಸಿಡಿಯತ್ತೆ, ಮಕ್ಕಳಿಗೆ ಅದೇ ಆಟ.

ಎರಡು, ನೆಲಸಂಪಿಗೆ. ಮರಾಠಿಯಲ್ಲಿ ಭುಯಿಚಾಫಾ. ಶುಂಠಿ ಜಾತಿಯದು. ಮಳೆಗೆ ಮುಂಚೆ, ಒಂದು ಎಲೆಯೂ ಇಲ್ಲದ ಬರೀ ನೆಲದಿಂದ ಬಿಳಿ–ನೇರಳೆ ಹೂ ನೇರವಾಗಿ ಏಳತ್ತೆ, ಎಲೆ ಆಮೇಲೆ. ನೆರಳೇ ಇದಕ್ಕೆ ಇಷ್ಟ. ಗೊತ್ತಿರೋ ನರ್ಸರಿಯಲ್ಲಿ ಗೆಡ್ಡೆ ಕೇಳಿ.

ಮೂರು, ನರ್ಸರಿಯಲ್ಲಿ ಸಿಗೋ ಬಣ್ಣದೆಲೆಯ ಬಿಗೋನಿಯಾ. ಕಲ್ಲಿನ ಓರೆಯಲ್ಲಿ, ಮಳೆ ನೇರವಾಗಿ ಬೀಳದ ಕಡೆ ನೆಡಿ. ಮಳೆಗಾಲದಲ್ಲಿ ಕರ್ನಾಲಾ, ಮಾಥೇರಾನ್ ಕಡೆ ಹೋದಾಗ ಒದ್ದೆ ಬಂಡೆಯ ಮೇಲೆ ಇದರ ಕಾಡುನೆಂಟ ಬಿಗೋನಿಯಾ ಕ್ರೆನೇಟಾ ನೋಡಿ, ಎಲ್ಲಿ ನೆಡಬೇಕು ಅಂತ ಅದೇ ಹೇಳಿಕೊಡತ್ತೆ.

ನೋಡಿ ಅಂದೆ, ಕೀಳಿ ಅನ್ನಲಿಲ್ಲ. ಟ್ರೆಕ್ ಹೋದವರು ಬ್ಯಾಗ್‌ನಲ್ಲಿ ಒಂದು ಗಿಡ ತರೋದು ಮಾಮೂಲಿ ಆಗ್ತಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದಿಂದ ಗಿಡ ಕೀಳೋದು 1972ರ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ. ಕಾನೂನು ಬಿಡಿ, ಬಂಡೆ ಮೇಲಿನ ಇಂಪೇಷಿಯನ್ಸ್ ಅಕಾಲಿಸ್‌ಗೆ ಜಿನುಗುವ ನೀರು, ಬೆಟ್ಟದ ಮಂಜು ಎರಡೂ ಬೇಕು. ನಮ್ಮ ಹತ್ತನೇ ಮಹಡಿಯಲ್ಲಿ ಅದು ಪ್ರಿಮ್‌ರೋಸ್‌ನಷ್ಟೇ ಬೇಗ ಸಾಯತ್ತೆ. ಒಂದು ಹಿಡಿ ಮಣ್ಣಿನಲ್ಲಿ ಬೆಳೆದದ್ದನ್ನ ಕಿತ್ತರೆ ಆ ಮಣ್ಣೂ ಮಳೆಗೆ ಕೊಚ್ಚಿಹೋಗಿ ಬಂಡೆ ಬರಿದಾಗತ್ತೆ.

ಆನ್‌ಸೈಟ್ ಹೋಗಿರೋ ಗೆಳೆಯರಿಗೆ ಒಂದು ಮಾತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಸಿಯಾಟಲ್ ಕಡೆ ಇದ್ದರೆ ನೀವು ಪ್ರಿಮ್‌ರೋಸನ್ನೇ ಬೆಳೆಸಿ. ಬೀಜವನ್ನು ಮಣ್ಣಿನ ಮೇಲೆ ಉದುರಿಸಿ, ಮುಚ್ಚಬೇಡಿ, ಅದಕ್ಕೆ ಬೆಳಕು ಬೇಕು. ಹದಿನೈದು ಡಿಗ್ರಿ ಆಸುಪಾಸು ಸಾಕು. ಸ್ಕಾಟಿಷ್ ರಾಕ್ ಗಾರ್ಡನ್ ಕ್ಲಬ್, ಅಮೆರಿಕನ್ ಪ್ರಿಮ್‌ರೋಸ್ ಸೊಸೈಟಿಯಂಥ ಸಂಘಗಳು ಸದಸ್ಯರಿಗೆ ಅಪರೂಪದ ಜಾತಿಗಳ ಬೀಜ ಹಂಚುತ್ತವೆ. ಆ ಹವೆಯಲ್ಲಿ ನಮ್ಮ ನೆಲಸಂಪಿಗೆಯೇ ಒದ್ದಾಡೋದು.

ಕೊನೆಗೆ, ಬಹಳ ಜನ ತಪ್ಪು ತಿಳಿಯೋ ವಿಷಯ. ಮಳೆ ನಿಂತ ಮೇಲೆ ಡಬ್ಬಿ ಖಾಲಿ ಆಗತ್ತೆ. ಕರ್ಣಕುಂಡಲ ಬೀಜ ಬಿಟ್ಟು ಮುಗಿಯತ್ತೆ, ನೆಲಸಂಪಿಗೆಯ ಎಲೆ ಹಳದಿಯಾಗಿ ಒಣಗತ್ತೆ. ಗಿಡ ಸತ್ತಿಲ್ಲ, ಮಲಗಿದೆ. ಆಗ ಪಾಪ ಅಂತ ನೀರು ಹಾಕಿದ್ರೆ ಗೆಡ್ಡೆ ಕೊಳೆಯತ್ತೆ. ನಾಲ್ಕೈದು ತಿಂಗಳು ನೀರು ಬಿಡಿ, ಬೇಸಿಗೆಯಲ್ಲಿ ಮೊಗ್ಗು ಕಂಡಾಗ ಮತ್ತೆ ಶುರು ಮಾಡಿ.

ಬಾಡಿಗೆ ಮನೆಯಲ್ಲಿರೋ ನಮಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದು ಮನೆ ಬದಲಿಸುವಾಗ ದೊಡ್ಡ ಕುಂಡ ಟೆಂಪೋದಲ್ಲಿ ಒಡೆಯತ್ತೆ, ಇಲ್ಲ ಪಕ್ಕದವರಿಗೆ ಕೊಟ್ಟು ಬರ್ತೀವಿ. ಚಳಿಗಾಲದಲ್ಲಾದರೆ ಇಡೀ ತೋಟ ಎರಡು ಕಾಗದದ ಪೊಟ್ಟಣದಲ್ಲಿ ಬರತ್ತೆ: ಒಂದರಲ್ಲಿ ಒಣ ಮರಳಿನ ಜೊತೆ ಗೆಡ್ಡೆ, ಇನ್ನೊಂದರಲ್ಲಿ ಬೀಜ. ಪೊಟ್ಟಣದ ಮೇಲೆ ಹೆಸರು, ತಿಂಗಳು ಬರೆದಿಡಿ. ಕಲ್ಲು ಹೊಸ ಊರಲ್ಲೂ ಸಿಗತ್ತೆ.

ಮೇ ಕೊನೆಯೊಳಗೆ ಡಬ್ಬಿ ಸಿದ್ಧ ಇಟ್ಟುಕೊಳ್ಳಿ.