ಕಸಬಿನ ವಿದ್ಯೆಗೆ ಹೊಸ ಅಳತೆ

ವಿದ್ಯುತ್ತಿನ ಕೆಲಸ ಕಲಿಯಬೇಕೆಂದು ಹುಡುಗನೊಬ್ಬ ತರಬೇತಿಗೆ ಸೇರಿದನೆನ್ನಿ. ವೈರಿಂಗ್ ಮಾಡುವುದು, ಸ್ವಿಚ್ ಬೋರ್ಡು ಜೋಡಿಸುವುದು, ಅರ್ಥಿಂಗ್ ಕೊಡುವುದು ಅವನ ಕೈಗೆ ಹತ್ತಿತು. ಅಷ್ಟರಲ್ಲಿ ತಂದೆ ಹಾಸಿಗೆ ಹಿಡಿದರು. ಮನೆ ನಡೆಯಬೇಕಲ್ಲ! ಹುಡುಗ ಓದು ಬಿಟ್ಟು ದುಡಿಯಲು ಹೋದ. ನಾಲ್ಕು ವರ್ಷಗಳ ಮೇಲೆ ಹಿಂದಿರುಗಿ ಬಂದರೆ ಅವನಿಗೆ ದೊರೆಯುವ ಉತ್ತರವೇನು? "ಮೊದಲಿನಿಂದ ಸೇರು." ಕಲಿತದ್ದು ಕೈಯಲ್ಲಿದೆ, ಕಾಗದದಲ್ಲಿಲ್ಲ. ಇಡೀ ಶಿಕ್ಷಣ ಮುಗಿದರೆ ಮಾತ್ರ ಪತ್ರ, ಇಲ್ಲದಿದ್ದರೆ ಏನೂ ಇಲ್ಲ ಎಂಬುದು ಹಳೆಯ ಕ್ರಮದ ಕಟ್ಟು.

ಈ ನಷ್ಟವನ್ನು ತಪ್ಪಿಸಲು ಹುಟ್ಟಿದ್ದೇ ಘಟಕ ಪದ್ಧತಿ. ಕಸಬನ್ನು ಸಣ್ಣ ಸಣ್ಣ ಘಟಕಗಳಾಗಿ ವಿಂಗಡಿಸುವುದು; ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿ ಕಲಿತವನ ಲೆಕ್ಕಕ್ಕೆ ಜಮೆ ಮಾಡುವುದು. ಆ ಜಮೆಗೇ ಕ್ರೆಡಿಟ್ ಎಂದು ಹೆಸರು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ನಮ್ಮ ಹಿರಿಯರು ಹೇಳಲಿಲ್ಲವೆ? ತತ್ತ್ವ ಅದೇ.

ಬ್ರಿಟನ್ನಿನಲ್ಲಿ 2008ರಲ್ಲಿ ಈ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದರು. ಸುಮಾರು 10 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್. 12ರವರೆಗೆ ಗಳಿಸಿದರೆ ಅವಾರ್ಡ್, 13ರಿಂದ 36ರವರೆಗೆ ಸರ್ಟಿಫಿಕೇಟ್, 37 ಮತ್ತು ಮೇಲ್ಪಟ್ಟು ಡಿಪ್ಲೊಮಾ. ಒಂದು ಸಂಸ್ಥೆಯಲ್ಲಿ ಗಳಿಸಿದ್ದನ್ನು ಇನ್ನೊಂದಕ್ಕೆ ಒಯ್ಯಬಹುದೆಂಬುದು ದೊಡ್ಡ ಆಸೆಯಾಗಿತ್ತು. ಆದರೆ ಹಾಗೆ ಒಯ್ದವರು ವಿರಳ. ಎಲ್ಲ ಕಸಬುಗಳಿಗೂ ಒಂದೇ ಅಚ್ಚಿನ ನಿಯಮ ಹೊಂದಲಿಲ್ಲ. ಬಿಡಿ ಬಿಡಿಯಾಗಿ ಪರೀಕ್ಷಿಸುವ ಭರದಲ್ಲಿ ಒಟ್ಟಾರೆ ಸಾಮರ್ಥ್ಯವನ್ನು ಅಳೆಯುವುದು ಕಷ್ಟವಾಯಿತು. 2015ರಲ್ಲಿ ಆ ಚೌಕಟ್ಟನ್ನು ಕೈಬಿಟ್ಟು, ಹೆಚ್ಚು ಸಡಿಲವಾದ ಬೇರೊಂದನ್ನು ತಂದರು.

ನಮ್ಮ ದೇಶವು 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟನ್ನು ಒಪ್ಪಿಕೊಂಡಿತು. ಇಲ್ಲಿ 30 ಗಂಟೆಗಳ ಕಲಿಕೆಗೆ ಒಂದು ಕ್ರೆಡಿಟ್. ವರ್ಷದ 1200 ಗಂಟೆಗಳಿಗೆ 40. ಶಾಲೆ, ಕಾಲೇಜು, ಕಸಬಿನ ತರಬೇತಿ ಎಲ್ಲಕ್ಕೂ ಒಂದೇ ಬಳ್ಳ. ಮೌಲ್ಯಮಾಪನವಾಗದೆ ಜಮೆಯಿಲ್ಲ; ಕೆಲಸದ ಅನುಭವಕ್ಕೂ ಅದರಲ್ಲಿ ಎಡೆಯುಂಟು. ಉಳಿ ಹಿಡಿದವನ ಗಂಟೆಯನ್ನೂ ಪುಸ್ತಕ ಹಿಡಿದವನ ಗಂಟೆಯನ್ನೂ ಒಂದೇ ಸಾಲಿನಲ್ಲಿ ಬರೆಯುವುದು ಸಾಮಾನ್ಯ ಸಂಗತಿಯಲ್ಲ.

ಆದರೆ ಬ್ರಿಟನ್ನಿನ ಅನುಭವದಿಂದ ನಾವು ಎರಡು ಮಾತು ಕಲಿಯಬೇಕು. ಮೊದಲನೆಯದು, ಜಮೆಯ ಬೆಲೆ ಅದನ್ನು ಕೊಟ್ಟವರಲ್ಲಿಲ್ಲ, ಒಪ್ಪಿಕೊಳ್ಳುವವರಲ್ಲಿದೆ. ಒಂದು ಅಂಗಡಿಯ ಬಳ್ಳವನ್ನು ಪಕ್ಕದ ಅಂಗಡಿ ಒಪ್ಪದಿದ್ದರೆ ಅಳೆದೂ ಫಲವೇನು? ಕಾಲೇಜಿನವರೂ ಕಾರ್ಖಾನೆಯವರೂ ಆ ಕಾಗದವನ್ನು ನಂಬುವಂತೆ ಪರೀಕ್ಷೆ ಪ್ರಾಮಾಣಿಕವಾಗಿರಬೇಕು.

ಎರಡನೆಯದು, ಕಸಬು ಬಿಡಿ ಭಾಗಗಳ ಮೊತ್ತವಷ್ಟೇ ಅಲ್ಲ. ನಮ್ಮ ಹುಡುಗನಿಗೆ ವೈರಿಂಗ್ ಗೊತ್ತು, ಅರ್ಥಿಂಗ್ ಗೊತ್ತು. ಆದರೆ ಕತ್ತಲಾದ ಮನೆಯೊಂದಕ್ಕೆ ಕರೆದರೆ ದೋಷ ಎಲ್ಲಿದೆಯೆಂದು ಹುಡುಕಲು ಕಲಿತದ್ದೆಲ್ಲ ಒಟ್ಟಿಗೆ ನೆನಪಿಗೆ ಬರಬೇಕು. ಬಳ್ಳ ತುಂಬಿದ ಮಾತ್ರಕ್ಕೆ ಅಡಿಗೆಯಾಗಲಿಲ್ಲ. ಆದ್ದರಿಂದ ಘಟಕಗಳ ಕೊನೆಯಲ್ಲಿ ಇಡೀ ಕೆಲಸವನ್ನು ಮಾಡಿಸಿ ನೋಡುವ ಪರೀಕ್ಷೆಯೊಂದು ಇರಲೇಬೇಕು.

ಇವೆರಡನ್ನೂ ಕಾಯ್ದುಕೊಂಡರೆ ಈ ಪದ್ಧತಿ ಬಡವರ ಮಕ್ಕಳಿಗೆ ದೊಡ್ಡ ಆಸರೆಯಾದೀತು. ನಾಲ್ಕು ವರ್ಷಗಳ ಮೇಲೆ ಬಾಗಿಲಿಗೆ ಬಂದ ಹುಡುಗನಿಗೆ "ಮೊದಲಿನಿಂದ ಸೇರು" ಎನ್ನುವ ಬದಲು, "ಇಷ್ಟು ಕಲಿತಿದ್ದೀಯೆ, ಬಾ, ಇಲ್ಲಿಂದ ಮುಂದಕ್ಕೆ ಕಲಿ" ಎನ್ನಬಹುದು.